ಡ್ರಮ್ಮಿನ ಜಾತಕ ಕೇಳಿ ಸ್ವಾಮಿ!

ಮೊನ್ನೆ ಭಾನುವಾರ ಇಲ್ಲೇ ಪುಣೆಯಲ್ಲಿರುವ ಮಂಗಳೂರಿನ ಗೆಳೆಯರು ತಾವೇ ಮಾಡಿದ ‘ಸ್ಮೋಕರ್’ ತೋರಿಸಲು ಕರೆದಿದ್ದರು. ಗುಜರಿ ಡ್ರಮ್, ಒಳಗೆ ಹಂದಿಮಾಂಸ, ಕೆಳಗೆ ಉರಿಯಲು ಪ್ಯಾಕಿಂಗ್ ಪೆಟ್ಟಿಗೆಯ ಹಲಗೆ! ಡ್ರಮ್ಮಿನಲ್ಲಿ ಮೊದಲು ಏನಿತ್ತು ಅಂದೆ.

"ಯಾರಿಗೆ ಗೊತ್ತು ಮಾರಾಯ್ರೆ, ಬೆಂಕಿಗೆ ಎಲ್ಲ ಸುಟ್ಟು ಹೋಗ್ತದೆ."

ಹೋಗೋದಿಲ್ಲ ಸ್ವಾಮಿ! ಜಿಐ ಡ್ರಮ್ ವಿಪರೀತ ಕಾದರೆ ಏಳುವ ಸತುವಿನ ಹೊಗೆ ಕುಡಿದವರಿಗೆ ಜ್ವರ ಬರುತ್ತೆ. ಹಲಗೆ ಮೇಲೆ ‘ಎಂಬಿ’ ಮುದ್ರೆ ಇದ್ದರೆ ಹುಳ ಸಾಯಲು ಮೀಥೈಲ್ ಬ್ರೋಮೈಡ್ ಹೊಡೆದಿದ್ದಾರೆ ಅಂತ ಅರ್ಥ. ಕೊಡಗಿನಲ್ಲೂ ಒಲೆ ಮೇಲೆ ಮಾಂಸ ತೂಗುಹಾಕುತ್ತಿದ್ದರು... ಅದು ಸೌದೆಯ ಹೊಗೆ, ಪೇಂಟಿನದ್ದಲ್ಲ. ನಾಲ್ಕು ಸಾಲು ಇಟ್ಟಿಗೆ, ಒಣಗಿದ ಮಾವಿನ ಕಟ್ಟಿಗೆ, ಸಣ್ಣ ಉರಿ ಸಾಲದೆ?

ಪೂರ್ವಾಪರ ನೋಡದೆ ಯಾರಿಗೂ ಐದು ಸಾವಿರ ಸಾಲ ಕೊಟ್ಟವನಲ್ಲ ನಾನು (ಬ್ಯಾಂಕಿನ ಚಟ). ತಟ್ಟೆ ಮುಟ್ಟದೆ ಎದ್ದು ಬಂದೆ. ಅವರಿಗೆ ಕೋಪ ಬಂದಿದೆ. ಬರಲಿ.