ಆಷಾಢ ಬಂತು, ರಿಟರ್ನ್ ಕೊಟ್ಟಿರಾ?



ಸಮಯಕ್ಕೆ ನಮ್ಮಷ್ಟು ಬೆಲೆ ಕೊಡುವವರು ಬೇರೆ ಕಸುಬಿನಲ್ಲಿ ಇರಲಿಕ್ಕಿಲ್ಲ. ಈ ಕಡೆಯ ಮದುವೆಗಳಲ್ಲಿ ಮುಹೂರ್ತ ರಾತ್ರಿ ಎರಡು ಗಂಟೆಗಿದ್ದರೂ ಊಟ ಏಳೂವರೆಗೆ ಸಿದ್ಧವಿರಬೇಕು, ಬೆಳಿಗ್ಗೆ ಆರಕ್ಕೆ ಕಾಫಿ, ಇಡ್ಲಿ ತಯಾರಿರಬೇಕು. ಸಾವಿರ ಜನರ ಪಂಕ್ತಿಯಲ್ಲಿ ಸಾರು ಬರುವುದು ಐದು ನಿಮಿಷ ತಡವಾದರೆ ಹತ್ತು ವರ್ಷದ ಹೆಸರು ಹೋಯಿತು ಎಂದು ಹೆದರುವವರು ನಾವು. ಇಂಥ ನಾವು ಆದಾಯ ತೆರಿಗೆ ರಿಟರ್ನ್ ಒಂದನ್ನು ಮಾತ್ರ ವರ್ಷ ವರ್ಷವೂ ಕಡೇ ದಿನದವರೆಗೆ ತಳ್ಳುತ್ತೇವೆ. ಕೆಲವರು ಕಡೇ ದಿನವನ್ನೂ ದಾಟಿಸುತ್ತಾರೆ. ಏಕೆಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ: "ಪುರುಸೊತ್ತಿಲ್ಲ ಮಾರಾಯ್ರೇ."

ಈ ಉತ್ತರವನ್ನು ನಾನು ಒಪ್ಪುವುದಿಲ್ಲ. ಆಡಿಟ್ ಬೇಡದ ನಮ್ಮಂಥ ಸಣ್ಣ ವ್ಯವಹಾರಸ್ಥರಿಗೆ ಎಷ್ಟೋ ವರ್ಷಗಳಿಂದ ಇದ್ದ ಗಡುವು ಜುಲೈ 31. ಜುಲೈ ಎಂದರೆ ಹೆಚ್ಚಿನ ವರ್ಷಗಳಲ್ಲಿ ಆಷಾಢ. ಆಂಧ್ರದಲ್ಲೂ ಆಷಾಢದಲ್ಲಿ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ಅಡುಗೆಯವರನ್ನು, ಬಡಿಸುವವರನ್ನು ಊರಿಗೆ ಕಳಿಸಿ, ಕೊಪ್ಪರಿಗೆಗಳನ್ನು ಕಲಾಯಿಗೆ ಕೊಟ್ಟು, ನಾವೂ ಕುಂದಾಪುರಕ್ಕೋ ಉಡುಪಿಗೋ ಹೋಗಿ ಮಳೆ ನೋಡುತ್ತಾ ಕೂರುವ ತಿಂಗಳು ಅದು. ವರ್ಷದಲ್ಲಿ ಪುರುಸೊತ್ತು ಇರುವುದು ಆಗ ಮಾತ್ರ, ಗಡುವು ಬರುವುದೂ ಆಗಲೇ. ಸರ್ಕಾರ ನಮ್ಮ ಪಂಚಾಂಗ ನೋಡಿಯೇ ದಿನ ಇಟ್ಟಂತಿತ್ತು. 2026ರ ಬಜೆಟ್ ಭಾಷಣದಲ್ಲಿ ಆಡಿಟ್ ಇಲ್ಲದ ವ್ಯವಹಾರಸ್ಥರಿಗೆ ಆಗಸ್ಟ್ 31ರವರೆಗೆ ಸಮಯ ಕೊಡುವ ಪ್ರಸ್ತಾವ ಬಂದಾಗ ನಮ್ಮಲ್ಲಿ ಅನೇಕರು ಸಂತೋಷಪಟ್ಟರು. ನನಗೆ ಭಯವಾಯಿತು. ಒಂದು ತಿಂಗಳು ಮುಂದೆ ಹೋದರೆ ಶ್ರಾವಣ. ಶ್ರಾವಣದಲ್ಲಿ ವರಲಕ್ಷ್ಮಿ ವ್ರತ, ಮದುವೆ, ಒಂದರ ಹಿಂದೆ ಒಂದು ಆರ್ಡರ್. ಆಗ ನಿಜವಾಗಿಯೂ ಪುರುಸೊತ್ತಿರುವುದಿಲ್ಲ.

ಹಾಗಾದರೆ ಮುಂದೂಡುವುದೇಕೆ? ತೆರಿಗೆ ಕಟ್ಟಬೇಕಾಗುತ್ತದೆಂಬ ಹೆದರಿಕೆ ಎಂದು ಹೊರಗಿನವರು ಹೇಳುತ್ತಾರೆ. ನನ್ನ ಅನುಭವದಲ್ಲಿ ಅದು ಅರ್ಧ ಸತ್ಯವೂ ಅಲ್ಲ. ನಾನೇ ಒಮ್ಮೆ ಮೂರು ವರ್ಷ ರಿಟರ್ನ್ ಕೊಡದೆ ಕುಳಿತವನು. ಆಗ ನನಗಿದ್ದ ಹೆದರಿಕೆ ತೆರಿಗೆಯದಲ್ಲ, ಕಪಾಟಿನ ಮೇಲಿದ್ದ ಒಂದು ಗೋಣಿಚೀಲದ್ದು. ತರಕಾರಿ ಮಾರ್ಕೆಟ್ಟಿನ ಚೀಟಿ, ದಿನಸಿ ಅಂಗಡಿಯ ಬಿಲ್ಲು, ಗ್ಯಾಸ್ ರಸೀದಿ, ಎಣ್ಣೆ ಮೆತ್ತಿದ ಹಾಜರಿ ಪುಸ್ತಕ, ಮದುವೆ ಮನೆಯವರು ಕೊಟ್ಟ ಅಡ್ವಾನ್ಸನ್ನು ಬರೆದಿಟ್ಟ ಆಮಂತ್ರಣ ಪತ್ರಿಕೆಯ ಹಿಂಬದಿ, ಎಲ್ಲ ಅದರೊಳಗೆ. ಅದನ್ನು ಕೆಳಗಿಳಿಸಿದರೆ ಆ ವರ್ಷ ಎಷ್ಟು ದುಡಿದೆ, ಎಷ್ಟು ಉಳಿಯಿತು, ಯಾರು ಬಾಕಿ ಕೊಡಲಿಲ್ಲ, ಮಗಳ ಕಾಲೇಜು ಫೀಸು ಯಾರ ಮದುವೆಯ ಅಡ್ವಾನ್ಸಿನಿಂದ ಹೋಯಿತು ಎಂಬುದೆಲ್ಲ ಹೊರಗೆ ಬೀಳಬೇಕಾಗಿತ್ತು. ಇಲಾಖೆಗಿಂತ ಮುಂಚೆ ಅದನ್ನು ನಾನು ನೋಡಬೇಕಾಗಿತ್ತು, ಅದಕ್ಕೆ ಧೈರ್ಯ ಇರಲಿಲ್ಲ. ಒಂದು ವರ್ಷ ತಪ್ಪಿತು. ಎರಡನೇ ವರ್ಷ, ಮೊದಲ ವರ್ಷದ್ದನ್ನು ಕೇಳಿದರೆ ಏನು ಹೇಳುವುದೆಂದು ಅದೂ ತಪ್ಪಿತು. ಮೂರನೆಯದಕ್ಕೆ ಕಾರಣವೇ ಬೇಕಾಗಲಿಲ್ಲ.

ತಮಾಷೆಯೆಂದರೆ ಆ ಚೀಲ ಇಳಿಸುವ ಅಗತ್ಯವೇ ಇರಲಿಲ್ಲ. 1961ರ ಕಾಯ್ದೆಯಲ್ಲಿ 44ಎಡಿ ಎಂಬ ಕಲಮು ಇತ್ತು. ವರ್ಷದ ವ್ಯವಹಾರ 2 ಕೋಟಿಯೊಳಗಿದ್ದರೆ, ನಗದಾಗಿ ಬಂದ ಹಣದ ಮೇಲೆ ಶೇ. 8, ಬ್ಯಾಂಕ್ ಮೂಲಕ ಬಂದ ಹಣದ ಮೇಲೆ ಶೇ. 6 ಲಾಭವೆಂದು ತೋರಿಸಿದರೆ ಸಾಕು, ಖರ್ಚಿನ ಲೆಕ್ಕ ಕೇಳುವುದಿಲ್ಲ. ನಿಜವಾದ ಲಾಭ ಹೆಚ್ಚಿದ್ದರೆ ಹೆಚ್ಚೇ ತೋರಿಸಬೇಕು, ಅದು ಬೇರೆ ಮಾತು. 2026ರ ಏಪ್ರಿಲ್ 1ರಿಂದ ಜಾರಿಗೆ ಬಂದ 2025ರ ಹೊಸ ಕಾಯ್ದೆಯಲ್ಲಿ ಕಲಮುಗಳ ಸಂಖ್ಯೆ ಬದಲಾಗಿದೆ, ಈ ಸೌಲಭ್ಯ ಹೋಗಿಲ್ಲ. ಒಟ್ಟು ಎಷ್ಟು ಹಣ ಬಂತು ಎಂಬ ಒಂದು ಲೆಕ್ಕ ಸರಿ ಇದ್ದರೆ ಸಣ್ಣ ಕ್ಯಾಟರರ್‌ನ ರಿಟರ್ನ್ ಅರ್ಧ ದಿನದ ಕೆಲಸ. ಕೊತ್ತಂಬರಿ ಸೊಪ್ಪಿನ ಚೀಟಿ ಹುಡುಕುತ್ತಾ ನಾನು ಮೂರು ವರ್ಷ ಕಳೆದೆ.

ಈಗ ನಷ್ಟದ ಮಾತು. ಮದುವೆ ಮಾಡಿಸುವ ಮನೆಯವರು ನಮ್ಮ ಬಿಲ್ಲಿನಲ್ಲಿ ತೆರಿಗೆ ಹಿಡಿಯುವುದಿಲ್ಲ. ಆದರೆ ಕಂಪನಿ, ಕಾಲೇಜು, ಆಸ್ಪತ್ರೆಗಳ ಕ್ಯಾಂಟೀನ್ ಹಿಡಿದವರಿಗೆ ಟಿ.ಡಿ.ಎಸ್. ಕಡಿತವಾಗುತ್ತದೆ. ಕಂಟ್ರಾಕ್ಟ್ ಕೆಲಸಗಳಿಗೆ ಸಂಬಂಧಿಸಿದ ಹಳೆಯ 194ಸಿ ಕಲಮಿನಲ್ಲಿ 'ಕ್ಯಾಟರಿಂಗ್' ಎಂದು ನಮ್ಮ ಕಸುಬಿನ ಹೆಸರನ್ನೇ ಹಾಕಿದ್ದರು. ಒಂದೇ ಬಿಲ್ಲು 30,000 ದಾಟಿದರೆ, ಅಥವಾ ವರ್ಷದ ಒಟ್ಟು 1 ಲಕ್ಷ ದಾಟಿದರೆ, ನಮ್ಮಂಥ ಒಂಟಿ ಮಾಲೀಕರಿಗೆ ಶೇ. 1 ಕಡಿತ. ಗನ್ನವರಂ ಸುತ್ತಮುತ್ತ ಇಂದು ಇಂಥ ಕೆಲಸಗಳು ಬೇಕಾದಷ್ಟಿವೆ. ವಿಮಾನ ನಿಲ್ದಾಣದ ಆಸುಪಾಸು, ಕೇಸರಪಲ್ಲಿ ಕಡೆಯ ಐ.ಟಿ. ಕಚೇರಿಗಳು, ಹೆದ್ದಾರಿಯುದ್ದಕ್ಕೂ ಇಂಜಿನಿಯರಿಂಗ್ ಕಾಲೇಜುಗಳು ಎಲ್ಲರಿಗೂ ಗೊತ್ತಿದ್ದದ್ದೇ.

ಒಬ್ಬ ಸದಸ್ಯರು ತಿಂಗಳಿಗೆ 2 ಲಕ್ಷದಂತೆ ಒಂದು ಕ್ಯಾಂಟೀನ್ ನಡೆಸುತ್ತಾರೆನ್ನಿ. ವರ್ಷಕ್ಕೆ 24 ಲಕ್ಷ, ಕಡಿತ 24,000. ಮದುವೆ, ಉಪನಯನಗಳಿಂದ ನಗದಾಗಿ 30 ಲಕ್ಷ ಬಂತು. ಶೇ. 6ರಂತೆ 1,44,000, ಶೇ. 8ರಂತೆ 2,40,000, ಒಟ್ಟು ಆದಾಯ 3,84,000. 2025-26ರ ಆರ್ಥಿಕ ವರ್ಷದಲ್ಲಿ ಹೊಸ ಪದ್ಧತಿಯಂತೆ 4 ಲಕ್ಷದವರೆಗೆ ತೆರಿಗೆಯೇ ಇಲ್ಲ. ಹಿಡಿದ 24,000 ಪೂರ್ತಿ ವಾಪಸು ಬರಬೇಕಾದ ಹಣ. ಆದರೆ ಅದು ತಾನಾಗಿ ಬರುವುದಿಲ್ಲ, ರಿಟರ್ನ್ ಕೊಟ್ಟು ಕೇಳಿದರೆ ಮಾತ್ರ ಬರುತ್ತದೆ. ಗಡುವು ಮೀರಿದರೆ ಡಿಸೆಂಬರ್ 31ರವರೆಗೆ ತಡವಾದ ರಿಟರ್ನ್ ಕೊಡಬಹುದು. ಆದಾಯ 5 ಲಕ್ಷದೊಳಗಿದ್ದರೆ 1,000, ಮೇಲಿದ್ದರೆ 5,000 ರೂಪಾಯಿ ತಡದ ಶುಲ್ಕ. ಅದನ್ನೂ ತಪ್ಪಿಸಿದರೆ ಉಳಿಯುವುದು 2022ರಲ್ಲಿ ಬಂದ 'ಅಪ್‌ಡೇಟೆಡ್ ರಿಟರ್ನ್'. 2025ರಿಂದ ಅದಕ್ಕೆ ನಾಲ್ಕು ವರ್ಷ ಸಮಯವಿದೆ ಎಂದು ಕೆಲವರು ನೆಮ್ಮದಿಯಿಂದಿದ್ದಾರೆ. ಅದರಲ್ಲಿ ಹೆಚ್ಚುವರಿ ತೆರಿಗೆ ಕಟ್ಟಬಹುದೇ ಹೊರತು ರೀಫಂಡ್ ಕೇಳಲು ಬರುವುದಿಲ್ಲ ಎಂಬುದನ್ನು ಅವರು ಓದಿಲ್ಲ. ತಡಕ್ಕೆ ಕಾರಣ ಬರೆದು ಮೇಲಧಿಕಾರಿಗಳಿಗೆ ಅರ್ಜಿ ಹಾಕುವ ದಾರಿ ಒಂದಿದೆ, ಆದರೆ 'ಪುರುಸೊತ್ತಿರಲಿಲ್ಲ' ಎಂಬ ಕಾರಣ ಅಲ್ಲಿ ನಡೆಯುವುದು ಕಷ್ಟ. ಎಲೆಗೆ ಐದು ರೂಪಾಯಿ ಕಡಿಮೆ ಮಾಡಿ ಎಂದರೆ ಮದುವೆ ಮನೆಯಲ್ಲಿ ಗಂಟೆಗಟ್ಟಲೆ ವಾದ ಮಾಡುವ ನಾವು, 24,000 ರೂಪಾಯಿಯನ್ನು ಮಾತಿಲ್ಲದೆ ಬಿಟ್ಟು ಬರುತ್ತೇವೆ.

"ರಿಟರ್ನ್ ಕೊಟ್ಟರೆ ಇಲಾಖೆಯ ಕಣ್ಣಿಗೆ ಬೀಳುತ್ತೇವೆ" ಎನ್ನುವ ಹಿರಿಯರಿದ್ದಾರೆ. ಅವರಿಗೆ ನನ್ನ ವಿನಂತಿ: ನಾವು ಆಗಲೇ ಬಿದ್ದಿದ್ದೇವೆ. ಜಿ.ಎಸ್.ಟಿ.ಯಲ್ಲಿ ತೋರಿಸಿದ ವ್ಯವಹಾರ, ಕಂಪನಿಗಳು ಹಿಡಿದ ಟಿ.ಡಿ.ಎಸ್., ಬ್ಯಾಂಕಿನಲ್ಲಿ ಕಟ್ಟಿದ ದೊಡ್ಡ ನಗದು, ಎಲ್ಲವೂ ನಮ್ಮ ಪ್ಯಾನ್ ಸಂಖ್ಯೆಯ ಕೆಳಗೆ ಸೇರುತ್ತದೆ. 2021ರ ನವೆಂಬರ್‌ನಿಂದ ಎ.ಐ.ಎಸ್. ಎಂಬ ವಾರ್ಷಿಕ ಪಟ್ಟಿಯಲ್ಲಿ ನಾವೂ ಅದನ್ನು ನೋಡಬಹುದು. ಜಿ.ಎಸ್.ಟಿ. ರಿಟರ್ನನ್ನು ಇದೇ ಸದಸ್ಯರು ತಪ್ಪದೆ ಕೊಡುತ್ತಾರೆ, ಏಕೆಂದರೆ ಅಲ್ಲಿ ದಿನ ದಿನಕ್ಕೂ ಶುಲ್ಕ ಏರುತ್ತದೆ, ಹಿಂದಿನದು ಬಾಕಿಯಿದ್ದರೆ ಮುಂದಿನದಕ್ಕೆ ಬಾಗಿಲು ತೆರೆಯುವುದಿಲ್ಲ. ವರ್ಷಕ್ಕೊಮ್ಮೆ ಕೊಡುವುದಕ್ಕೆ ಹಾಗೆ ತಕ್ಷಣ ಬಿಸಿ ತಟ್ಟುವುದಿಲ್ಲ, ಅಷ್ಟೇ.

ನಗದಿನ ವಿಷಯದಲ್ಲಿ ಮಾತ್ರ ಹೆದರಿಕೆಗೆ ಕಾರಣವಿದೆ. 2017ರ ಏಪ್ರಿಲ್‌ನಿಂದ ಒಂದೇ ಸಮಾರಂಭಕ್ಕೆ ಒಬ್ಬರಿಂದ 2 ಲಕ್ಷ ಅಥವಾ ಹೆಚ್ಚು ನಗದು ತೆಗೆದುಕೊಳ್ಳುವಂತಿಲ್ಲ. ತೆಗೆದುಕೊಂಡರೆ ಅಷ್ಟೇ ಮೊತ್ತ ದಂಡ, ಅದೂ ಕೊಟ್ಟವರಿಗಲ್ಲ, ತೆಗೆದುಕೊಂಡವರಿಗೆ. ಅಡ್ವಾನ್ಸ್ ಬೇರೆ, ಬಾಕಿ ಬೇರೆ ದಿನ ಎಂದು ಒಡೆದರೂ ಸಮಾರಂಭ ಒಂದೇ. ಆದರೆ ರಿಟರ್ನ್ ಕೊಡದಿದ್ದರೆ ಈ ತಪ್ಪು ಮುಚ್ಚಿಹೋಗುವುದಿಲ್ಲ. ಅಡ್ವಾನ್ಸ್ ಹಿಡಿಯುವಾಗಲೇ "ಬಾಕಿ ಬ್ಯಾಂಕಿಗೆ ಹಾಕಿಬಿಡಿ" ಎಂದು ಹೇಳಿದರೆ ಮುಗಿಯಿತು.

ಗಡುವು ವಿಸ್ತರಣೆಯೂ ನಮ್ಮನ್ನು ಕೆಡಿಸಿದೆ. ಕೊರೊನಾ ವರ್ಷ 2020ರಲ್ಲಿ ಅದು ಜಗ್ಗುತ್ತಾ ಹೋಗಿ 2021ರ ಜನವರಿ 10ಕ್ಕೆ ನಿಂತಿತು. 2025ರಲ್ಲಿ ಜುಲೈ 31 ಇದ್ದದ್ದು ಸೆಪ್ಟೆಂಬರ್ 15 ಆಯಿತು, ಆಮೇಲೆ ಇನ್ನೂ ಒಂದು ದಿನ ಮುಂದೆ ಹೋಯಿತು. ನಡುವೆ 2022, 2023, 2024ರಲ್ಲಿ ಒಂದು ದಿನವೂ ಹೆಚ್ಚಿಗೆ ಸಿಗಲಿಲ್ಲ ಎಂಬುದು ಯಾರಿಗೂ ನೆನಪಿಲ್ಲ. ಇನ್ನು ನಮ್ಮ ವಲಸಿಗರ ತಾಪತ್ರಯ ಬೇರೆ. ಪ್ಯಾನಿನಲ್ಲಿ ಊರಿನ ವಿಳಾಸ, ಆಡಿಟರ್ ಕುಂದಾಪುರದಲ್ಲಿ, ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರು ಎಂದೋ ಬಿಟ್ಟದ್ದು. ಒ.ಟಿ.ಪಿ. ಬರದಿದ್ದರೆ ಆಧಾರ್ ಮೂಲಕ ರಿಟರ್ನ್ ದೃಢೀಕರಣ ಆಗದು. ಕೊಟ್ಟ 30 ದಿನದೊಳಗೆ ದೃಢೀಕರಿಸದಿದ್ದರೆ ಸಮಯಕ್ಕೆ ಕೊಟ್ಟ ಲೆಕ್ಕಕ್ಕೆ ಬರುವುದಿಲ್ಲ. ಹಿಂದೆ ಸಹಿ ಹಾಕಿದ ಕಾಗದವನ್ನು ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಗೆ ಅಂಚೆಯಲ್ಲಿ ಕಳಿಸುತ್ತಿದ್ದೆವು. ಗನ್ನವರಂನಲ್ಲಿ ಕೊಟ್ಟ ರಿಟರ್ನನ್ನು ಇಂದಿಗೂ ಪರಿಶೀಲಿಸುವುದು ಬೆಂಗಳೂರಿನ ಕೇಂದ್ರದಲ್ಲೇ ಎಂಬುದು ನಮಗೊಂದು ಸಮಾಧಾನ.

ನನ್ನನ್ನು ನಿಜವಾಗಿ ಎಬ್ಬಿಸಿದ್ದು ಬೇರೆ ವಿಷಯ. ಕೆಲಸ ಮುಗಿಸಿ ಪಾತ್ರೆ ತುಂಬಿದ ಗಾಡಿಯಲ್ಲಿ ನಾವು ಹೆದ್ದಾರಿ ಹಿಡಿಯುವುದು ನಡುರಾತ್ರಿಯ ಮೇಲೆ. ಎರಡು ದಿನ ನಿದ್ದೆಯಿಲ್ಲದ ಡ್ರೈವರ್, ಪಕ್ಕದಲ್ಲಿ ಅದೇ ಸ್ಥಿತಿಯ ಮಾಲೀಕ. ದೇವರು ಕಾಪಾಡಲಿ, ಏನಾದರೂ ಆದರೆ ಪರಿಹಾರ ನಿಗದಿಯಾಗುವುದು ಹೋದವನ ಆದಾಯದ ಮೇಲೆ. ಆದಾಯಕ್ಕೆ ಪುರಾವೆ? ರಿಟರ್ನ್ ಶಾಸನಬದ್ಧ ದಾಖಲೆ, ಅದನ್ನು ಆಧಾರವಾಗಿ ಹಿಡಿಯಬಹುದು ಎಂದು ಸುಪ್ರೀಂ ಕೋರ್ಟ್ 2019ರ ಡಿಸೆಂಬರ್‌ನಲ್ಲಿ ಮಲರ್‌ವಿಳಿ ಪ್ರಕರಣದಲ್ಲಿ ಹೇಳಿದೆ. ರಿಟರ್ನ್ ಇಲ್ಲದಿದ್ದರೆ ನ್ಯಾಯಮಂಡಳಿ ಅಂದಾಜು ಮಾಡುತ್ತದೆ, ಆ ಅಂದಾಜು ಹೆಚ್ಚಾಗಿ ಕೂಲಿಯವನ ಸಂಬಳದ ಹತ್ತಿರ ಬಂದು ನಿಲ್ಲುತ್ತದೆ.

ಸರಳಾ ವರ್ಮಾ (2009), ಪ್ರಣಯ್ ಸೇಠಿ (2017) ಪ್ರಕರಣಗಳ ಸೂತ್ರದಂತೆ ಲೆಕ್ಕ ಹಾಕಿ. 42 ವರ್ಷದ ಕ್ಯಾಟರರ್, ಹೆಂಡತಿ, ಇಬ್ಬರು ಮಕ್ಕಳು, ತಾಯಿ. ರಿಟರ್ನಿನಲ್ಲಿ 6 ಲಕ್ಷ ಆದಾಯವಿದ್ದರೆ ಭವಿಷ್ಯದ ಗಳಿಕೆಗೆಂದು ಶೇ. 25 ಸೇರಿಸಿ, ಅವನ ಸ್ವಂತ ಖರ್ಚಿಗೆಂದು ಕಾಲುಭಾಗ ಕಳೆದು, 14ರಿಂದ ಗುಣಿಸಿದರೆ 78,75,000. ರಿಟರ್ನ್ ಇಲ್ಲದೆ ತಿಂಗಳಿಗೆ 15,000 ಎಂದು ಅಂದಾಜು ಮಾಡಿದರೆ ಅದೇ ಲೆಕ್ಕದಲ್ಲಿ 23,62,500. ಅದೇ ಮನುಷ್ಯ, ಅದೇ ದುಡಿಮೆ. ಅವನು ಹೋದ ಮೇಲೆ ಮನೆಯವರು ಅವಸರದಲ್ಲಿ ಕೊಟ್ಟ ರಿಟರ್ನನ್ನು ವಿಮಾ ಕಂಪನಿಯ ವಕೀಲರು ಸುಮ್ಮನೆ ಬಿಡುವುದಿಲ್ಲ.

ಇದೇ ಕಾರಣಕ್ಕೆ, 9 ಲಕ್ಷ ಉಳಿದರೂ ಶೇ. 8 ಮಾತ್ರ ತೋರಿಸಿ ಜಾಣರೆನಿಸಿಕೊಳ್ಳುವವರ ಬಗ್ಗೆಯೂ ನನಗೆ ತಕರಾರಿದೆ. ಅದು ಕಾನೂನಿಗೆ ತಪ್ಪು ಎಂಬುದಿರಲಿ, 2025-26ರಿಂದ ಹೊಸ ಪದ್ಧತಿಯಲ್ಲಿ ರಿಯಾಯಿತಿ ಸೇರಿ 12 ಲಕ್ಷದವರೆಗೆ ಕಟ್ಟಬೇಕಾದ ತೆರಿಗೆ ಸೊನ್ನೆ. 9 ಲಕ್ಷವನ್ನು 9 ಲಕ್ಷ ಎಂದೇ ಬರೆದರೆ ಹೋಗುವ ಗಂಟೇನು? ಮಕ್ಕಳ ಓದಿನ ಸಾಲಕ್ಕೆ ಬ್ಯಾಂಕಿಗೆ ಹೋದಾಗ ಮ್ಯಾನೇಜರ್ ನೋಡುವುದೂ ಅದೇ ಕಾಗದವನ್ನು.

ಸಂಘಕ್ಕೆ ಒಂದು ಸಲಹೆ ಕೊಟ್ಟು ಮುಗಿಸುತ್ತೇನೆ. ಆಷಾಢದಲ್ಲಿ ಕಲ್ಯಾಣ ಮಂಟಪಗಳು ಹೇಗೂ ಖಾಲಿ. ಸದಸ್ಯರು ಊರಿಗೆ ಹೊರಡುವ ಮೊದಲು ಒಂದು ಭಾನುವಾರ ಇಲ್ಲಿ ಒಂದು ಹಾಲ್ ಹಿಡಿದು, ಕನ್ನಡ ಮತ್ತು ತೆಲುಗು ಬಲ್ಲ ಇಬ್ಬರು ಆಡಿಟರ್‌ಗಳನ್ನು ಕೂರಿಸೋಣ. ವಿಜಯವಾಡ, ಏಲೂರು, ಗುಡಿವಾಡದವರು ಇಲ್ಲಿಗೆ ಬರಲಿ, ವಿಶಾಖಪಟ್ಟಣದವರು ಅಲ್ಲಿಯೇ ಇನ್ನೊಂದು ದಿನ ಮಾಡಿಕೊಳ್ಳಲಿ. ತರಬೇಕಾದದ್ದು ಬ್ಯಾಂಕ್ ಪಾಸ್‌ಬುಕ್, ಮದುವೆಗಳ ಆರ್ಡರ್ ಪುಸ್ತಕ, ಆಧಾರ್‌ಗೆ ಜೋಡಿಸಿದ ಮೊಬೈಲ್. ಗೋಣಿಚೀಲ ಬೇಡ. ಆ ದಿನದ ಊಟದ ಜವಾಬ್ದಾರಿ ನನ್ನದು.