ಕಡಲಿಲ್ಲದ ಊರಿನಿಂದ ಕಡಲ ಸುದ್ದಿ

ಬೆಳಗಿನ ಪತ್ರಿಕೆ ಅಂಗಳಕ್ಕೆ ಬಂದು ಬೀಳುವ ಮುನ್ನವೇ ಅಂದಿನ ಹವೆಯನ್ನು ನಿರ್ಣಯಿಸಿಬಿಡುವ ಹಿರಿಯರೊಬ್ಬರು ಕರಾವಳಿಯ ಪ್ರತಿಯೊಂದು ಮನೆಯಲ್ಲಿಯೂ ಇರುತ್ತಾರೆ. ಮಲ್ಪೆಯಿಂದ ಬಡಗಣ ದಿಕ್ಕಿನಲ್ಲಿ, ಕಡಲಿಗೆ ಮುಖಮಾಡಿ ನಿಂತ ಒಂದು ಹೆಂಚಿನ ಮನೆಯಲ್ಲಿ ಈ ಅಧಿಕಾರವು ಶಾಲಾಮಾಸ್ತರಿಕೆಯಿಂದ ನಿವೃತ್ತರಾದ ಅಜ್ಜನಿಗೆ ಸೇರಿದುದು. ಅವರು ಜಗಲಿಗೆ ಬಂದು, ಪಡುವಣ ದಿಕ್ಕನ್ನು ಒಮ್ಮೆ ದಿಟ್ಟಿಸಿ, ತೆಂಗಿನ ಗರಿ ಯಾವ ಕಡೆಗೆ ತೂಗುತ್ತಿದೆಯೆಂಬುದನ್ನು ಪರೀಕ್ಷಿಸಿ, "ಇವತ್ತು ಬಿಸಿಲು" ಎಂದೋ "ಸಂಜೆಗೆ ಮಳೆ ಉಂಟು" ಎಂದೋ ತೀರ್ಪು ಕೊಡುತ್ತಾರೆ. ಆಮೇಲೆ ಪತ್ರಿಕೆ ಬರುತ್ತದೆ. ಅದರ ಹವಾ ವರ್ತಮಾನವು ಅಜ್ಜನ ತೀರ್ಪಿಗೆ ಹೊಂದಿಕೊಂಡರೆ ಪತ್ರಿಕೆಯವರು ತಿಳಿವಳಿಕೆಯುಳ್ಳವರು. ಹೊಂದದಿದ್ದರೆ ಅಚ್ಚಿನ ತಪ್ಪು.

ಕರಾವಳಿಯ ಮಳೆಯನ್ನು ಕುರಿತು ಪತ್ರಿಕೆಗಳಿಗೂ ದೂರದರ್ಶನದ ವಾಹಿನಿಗಳಿಗೂ ಇರುವ ಪ್ರೀತಿ ಅಪಾರವಾದುದು. ಜೂನ್ ತಿಂಗಳು ಬಂದಿತೆಂದರೆ ಕೊಡೆ ಹಿಡಿದ ವಿದ್ಯಾರ್ಥಿನಿಯರ ಚಿತ್ರ, ಕಲ್ಲುಬಂಡೆಗೆ ಬಡಿದ ತೆರೆಯ ಚಿತ್ರ, ಉಳ್ಳಾಲದ ಕಡಲ್ಕೊರೆತದ ಚಿತ್ರ ಇವು ಮೂರೂ ಹಬ್ಬದ ಅಡುಗೆಯಂತೆ ತಪ್ಪದೆ ಬರುತ್ತವೆ. ವಾಹಿನಿಯ ವರದಿಗಾರನೋ, ಪಾಪ, ಮೊಳಕಾಲುದ್ದ ನೀರಿನಲ್ಲಿ ನಿಂತು ಪ್ರಳಯವನ್ನು ವರ್ಣಿಸುತ್ತಿರುತ್ತಾನೆ. ಅವನ ಬೆನ್ನ ಹಿಂದೆ ಅದೇ ನೀರಿನಲ್ಲಿ ಹುಡುಗನೊಬ್ಬ ಸೈಕಲ್ ತುಳಿಯುತ್ತ ನಿಶ್ಚಿಂತೆಯಿಂದ ಹೋಗುತ್ತಾನೆ.

ಈಚಿನ ವರ್ಷಗಳಲ್ಲಿ ಮಳೆಗೆ ಬಣ್ಣಗಳೂ ಬಂದಿವೆ. ದಿನವೊಂದಕ್ಕೆ 64.5 ಮಿಲಿಮೀಟರಿಗೆ ಮೇಲ್ಪಟ್ಟರೆ ಭಾರಿ ಮಳೆ, 115.6ಕ್ಕೆ ಏರಿದರೆ ಅತಿ ಭಾರಿ, 204.4ನ್ನೂ ದಾಟಿದರೆ ಅದಕ್ಕೂ ಮೇಲಿನ ವರ್ಗ. ಹಳದಿಯೆಂದರೆ ಗಮನವಿರಲಿ, ಕಿತ್ತಳೆಯೆಂದರೆ ಸಿದ್ಧರಾಗಿರಿ, ಕೆಂಪೆಂದರೆ ಕೂಡಲೆ ಕಾರ್ಯಪ್ರವೃತ್ತರಾಗಿರಿ ಎಂದು ಅರ್ಥ. ಬಣ್ಣವು ಎಚ್ಚರದ ಮಟ್ಟವನ್ನು ಹೇಳುತ್ತದೆಯೇ ಹೊರತು ಮನೆಯ ಮುಂದೆಯೇ ಸುರಿಸುತ್ತೇನೆಂದು ವಾಗ್ದಾನ ಮಾಡುವುದಿಲ್ಲ. ಆದರೆ ಈ ಸೂಕ್ಷ್ಮವನ್ನು ಕೇಳುವವರಾರು? ಕೆಂಪು ದಿನದಲ್ಲಿ ಬಿಸಿಲು ಕಾದರೆ ಅಜ್ಜ ಚಪ್ಪಾಳೆ ತಟ್ಟುತ್ತಾರೆ. ಮಕ್ಕಳಿಗಂತೂ ಬಣ್ಣಗಳ ಅರ್ಥ ಒಂದೇ: ನಾಳೆ ಶಾಲೆಗೆ ರಜೆ ಉಂಟೋ ಇಲ್ಲವೋ! ಜಿಲ್ಲಾಧಿಕಾರಿಗಳ ಆಜ್ಞೆಗಾಗಿ ರಾತ್ರಿಯೆಲ್ಲ ಮೊಬೈಲನ್ನು ದೇವರಂತೆ ಕಾಯುವ ಭಕ್ತಿ ಪರೀಕ್ಷೆಯ ಕಾಲದಲ್ಲಿಯೂ ಕಾಣದು. ಹೋದ ವರ್ಷದ ಆಜ್ಞೆಯ ದಿನಾಂಕವನ್ನು ತಿದ್ದಿ ಹಂಚುವ ಜಾಣರೂ ಇದ್ದಾರೆ.

2021ರ ಮೇ ತಿಂಗಳಲ್ಲಿ ಅರಬ್ಬೀ ಸಮುದ್ರದ ಚಂಡಮಾರುತವೊಂದು ಕರಾವಳಿಯನ್ನು ಜಜ್ಜುತ್ತ ಗುಜರಾತಿನ ಕಡೆಗೆ ಸಾಗಿದಾಗ, ಅದರ ಹೆಸರನ್ನು ಒಂದು ಪತ್ರಿಕೆ ತೌಕ್ತೆ ಎಂದಿತು, ಇನ್ನೊಂದು ತೌತೆ ಎಂದಿತು. ಮ್ಯಾನ್ಮಾರ್ ದೇಶದವರು ಇಟ್ಟ ಆ ಹೆಸರಿಗೆ ಗಟ್ಟಿಯಾಗಿ ಕೂಗುವ ಒಂದು ಜಾತಿಯ ಹಲ್ಲಿ ಎಂದು ಅರ್ಥವೆಂಬುದನ್ನು ಮೊಮ್ಮಗಳು ಓದಿ ಹೇಳಿದಳು. ಅಜ್ಜಿಗೆ ಆಗ ಸರ್ವವೂ ಸ್ಪಷ್ಟವಾಯಿತು. "ಹಲ್ಲಿ ಲೊಚಗುಟ್ಟಿದ ಮೇಲೆ ಆಗದೆ ಇರುತ್ತದಾ?" ಎಂದವರು ಗೋಡೆಯ ಕಡೆ ನೋಡಿ ಕೈಮುಗಿದರು.

ಅಜ್ಜನ ಶಾಸ್ತ್ರದಲ್ಲಿ ಹಲ್ಲಿಗೆ ಸ್ಥಾನವಿಲ್ಲ, ಹಕ್ಕಿಗಿದೆ. ಚಳಿಗಾಲದುದ್ದಕ್ಕೂ ದೋಣಿಗಳ ಹಿಂದೆ ಗುಂಪುಗೂಡಿ ಕಿರುಚಾಡುವ ಬಿಳಿಯ ಕಡಲಹಕ್ಕಿಗಳು ಬೇಸಗೆಯಲ್ಲಿ ಮಾಯವಾದರೆ ಮಳೆ ದೂರವಿಲ್ಲವೆಂದು ಅವರ ಲೆಕ್ಕ. ಅವುಗಳಲ್ಲಿ ಕಂದು ತಲೆಯ ಜಾತಿಯವು ಹೋಗುವುದು ಮಳೆಗೆ ಹೆದರಿ ಅಲ್ಲ, ಲಡಾಖ್, ಟಿಬೆಟ್ ಮೊದಲಾದ ಕಡೆಯ ಎತ್ತರದ ಸರೋವರಗಳ ಬಳಿ ಮೊಟ್ಟೆಯಿಡುವುದಕ್ಕೆ. ಇದನ್ನೂ ಮೊಮ್ಮಗಳು ಹೇಳಿದಳು. "ಬಾಣಂತನಕ್ಕೆ ತವರಿಗೆ ಹೋಗುವುದು ಮಳೆಗಾಲದ ಮುಂಚೆಯೇ ಅಲ್ಲವೋ?" ಎಂದು ಅಜ್ಜ ಕೇಳಿದರು. ಅದಕ್ಕೆ ಉತ್ತರವಿರಲಿಲ್ಲ.

ಈ ನಗೆಯಾಟವೆಲ್ಲ 2024ರ ಮೇ ಮೊದಲ ವಾರದವರೆಗೆ ನಡೆದುಬಂದಿತು. ಆಗ ಆಕಾಶ ತೊಳೆದಿಟ್ಟ ತಟ್ಟೆಯಂತಿತ್ತು. ಗಾಳಿಯಿಲ್ಲ, ಮೋಡವಿಲ್ಲ, ತೆಂಗಿನ ಗರಿ ಅಲುಗದು. ಅಜ್ಜನ ಪಂಚೇಂದ್ರಿಯಗಳೂ ಒಮ್ಮತದಿಂದ ನಿರಪಾಯವೆಂದು ಸಾರಿದ್ದ ಆ ದಿನ ಮೊಮ್ಮಗಳು ಮೊಬೈಲ್ ಹಿಡಿದುಕೊಂಡು ಜಗಲಿಗೆ ಬಂದು, "ಅಜ್ಜಾ, ಕಡಲು ಮೇಲೆ ಬರುತ್ತದಂತೆ. ಸಂಜೆ ತೀರಕ್ಕೆ ಹೋಗಬಾರದಂತೆ" ಎಂದಳು.

"ಯಾರಂತೆ?"

"ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರದವರು. ಕೇರಳದ ಕಡೆಗೆ ಜೋರಂತೆ, ನಮ್ಮಲ್ಲಿಯೂ ಜಾಗ್ರತೆ ಬೇಕಂತೆ."

ಅಜ್ಜ ಕನ್ನಡಕವನ್ನು ತೆಗೆದು ನಕ್ಕರು. "ಹೈದರಾಬಾದಿನಲ್ಲಿ ಕಡಲು ಎಲ್ಲಿ ಉಂಟು ಮಾರಾಯ್ತಿ? ಒಂದು ಹುಸೇನ್ ಸಾಗರ ಉಂಟು, ಅದು ಕೆರೆ. ಕಡಲೇ ಇಲ್ಲದ ಊರಿನವರು ಕಡಲಿನ ದಂಡೆಯಲ್ಲಿ ಕೂತ ನಮಗೆ ಬುದ್ಧಿ ಹೇಳುವುದೇ?"

ವಾದವು ಕೇಳುವುದಕ್ಕೆ ಬಲವಾಗಿಯೇ ಇತ್ತು. ಆದರೆ ಅದನ್ನು ಬೇಲಿಯ ಆಚೆಯಿಂದ ಕೇಳಿಸಿಕೊಂಡ ನೆರೆಮನೆಯ ಮೀನುಗಾರನು ನಗಲಿಲ್ಲ. ಐವತ್ತು ವರ್ಷ ಕಡಲಿನ ಮೇಲೆ ಬಾಳಿದ ಮನುಷ್ಯ; ಮೊಬೈಲಿನಲ್ಲಿ ಅವನಿಗೆ ತಿಳಿದುದು ಹಸಿರು ಗುಂಡಿ ಒತ್ತಿ ಹಲೋ ಎನ್ನುವುದಷ್ಟೆ. ಅವನು ಬೇಲಿ ದಾಟಿ ಬಂದು, "ಮಗಾ, ಅದನ್ನು ಇನ್ನೊಮ್ಮೆ ಓದು" ಎಂದನು. ಓದಿದಳು. ಅವನು ತೀರಕ್ಕೆ ಹೋಗಿ ಬಹಳ ಹೊತ್ತು ತೆರೆಗಳನ್ನು ನೋಡುತ್ತ ನಿಂತು ಮರಳಿ ಬಂದನು.

"ಮಾಸ್ಟ್ರೇ, ನಿನ್ನೆಯಿಂದ ತೆರೆಯ ಉಸಿರು ಉದ್ದ ಆಗಿದೆ. ಒಂದು ಬಂದು ಇನ್ನೊಂದು ಬರುವುದಕ್ಕೆ ತುಂಬ ಹೊತ್ತು. ಇದು ನಮ್ಮ ಗಾಳಿ ಎಬ್ಬಿಸಿದ ತೆರೆ ಅಲ್ಲ. ಎಲ್ಲಿಂದಲೋ ಬಂದದ್ದು."

ಎಲ್ಲಿಂದಲೋ ಎಂದು ಅವನು ಹೇಳಿದುದು ಅಕ್ಷರಶಃ ನಿಜವಾಗಿತ್ತು. ಏಪ್ರಿಲ್ ಕೊನೆಯ ವಾರದಲ್ಲಿ, ಭಾರತದ ತೀರದಿಂದ ಸುಮಾರು 10,000 ಕಿಲೋಮೀಟರ್ ದೂರದ ದಕ್ಷಿಣ ಅಟ್ಲಾಂಟಿಕ್ ಸಾಗರದಲ್ಲಿ ವಾಯುಭಾರ ಕುಸಿದು ಬಿರುಗಾಳಿಯೆದ್ದಿತ್ತು. ಅದು ಎಬ್ಬಿಸಿದ ಉದ್ದನೆಯ ಅಲೆಗಳು ಹಿಂದೂ ಮಹಾಸಾಗರವನ್ನು ದಾಟಿ, ಒಂದು ವಾರದ ಪ್ರಯಾಣ ಮುಗಿಸಿ ನಮ್ಮ ದಡಕ್ಕೆ ಬರುತ್ತಿದ್ದವು. ಗಾಳಿ ಎಲ್ಲಿಯೋ ಬೀಸಿ ಅಲ್ಲಿಯೇ ಅಡಗಿರುತ್ತದೆ. ಅಲೆ ಮಾತ್ರ ಸಾಗುತ್ತಲೇ ಇರುತ್ತದೆ. ನಡುಗಡಲಿನಲ್ಲಿ ಮೈ ಚಾಚಿಕೊಂಡು ಬರುವ ಅದು ದಡದ ಬಳಿ ನೀರು ಆಳ ತಗ್ಗಿದಾಗ ತಲೆಯೆತ್ತುತ್ತದೆ. ಕೇರಳದ ಮೀನುಗಾರರು ಇದನ್ನು ಕಳ್ಳಕ್ಕಡಲ್ ಎನ್ನುತ್ತಾರೆ. ಕನ್ನಡಿಗರಿಗೆ ಅರ್ಥ ಹೇಳಬೇಕಾಗಿಲ್ಲ. ಸದ್ದಿಲ್ಲದೆ ಅಂಗಳಕ್ಕೆ ನುಗ್ಗುವ ಕಡಲಿಗೆ ಕಳ್ಳನ ಹೆಸರಲ್ಲದೆ ಬೇರೆ ಯಾವುದು ಒಪ್ಪೀತು? ಆಕಾಶವನ್ನು ನೋಡಿ ಹೇಳುವ ಶಾಸ್ತ್ರಕ್ಕೆ ಈ ಕಳ್ಳನು ಸಿಕ್ಕುವವನಲ್ಲ, ಏಕೆಂದರೆ ಅವನ ಆಕಾಶ ಇಲ್ಲಿಯದೇ ಅಲ್ಲ.

ಅಂದು ಮಧ್ಯಾಹ್ನ ನೆರೆಮನೆಯ ಗಂಡಸರೆಲ್ಲ ಸೇರಿ ಸಣ್ಣ ದೋಣಿಯನ್ನು ತೆಂಗಿನ ಸಾಲಿನಾಚೆಗೆ ಎಳೆದು ಹಗ್ಗ ಬಿಗಿದರು. ಬಲೆಗಳನ್ನು ಹೊತ್ತು ತಂದು ಜಗಲಿಯಲ್ಲಿ ಪೇರಿಸಿದರು. ಅಜ್ಜ ಎಲ್ಲವನ್ನೂ ಕುತೂಹಲದಿಂದ ನೋಡಿದರು. ಸಂಜೆಯ ಸವಾರಿಯನ್ನು ಮಾತ್ರ ಬಿಡುವವರಲ್ಲ. ಕಡೆಗೆ ಮೊಮ್ಮಗಳು ಅವರ ಚಪ್ಪಲಿಗಳನ್ನು ಬಚ್ಚಿಟ್ಟಳು. ಅಜ್ಜ ಸಿಟ್ಟಾಗಿ ರಾತ್ರಿ ಗಂಜಿಯನ್ನು ಮಾತಿಲ್ಲದೆ ಉಂಡರು.

ಬೆಳಗಾದಾಗ ಮೊದಲಿನ ಹಾಗೆಯೇ ಆಕಾಶ ನಿರ್ಮಲವಾಗಿತ್ತು. ಆದರೆ ತೀರದ ಮರಳು ತೆಂಗಿನ ಬುಡದವರೆಗೆ ಒದ್ದೆ. ದೋಣಿ ಮೊದಲಿದ್ದ ಜಾಗದಲ್ಲಿ ಗುಂಡಿ ಬಿದ್ದು ನೀರು ನಿಂತಿತ್ತು. ಏಡಿಯೊಂದು ಅದರ ಅಂಚಿನಲ್ಲಿ ಹೊಸ ಬಿಲಕ್ಕೆ ಮರಳೆತ್ತಿ ಎಸೆಯುತ್ತಿತ್ತು. ಅಜ್ಜ ಪ್ರತಿ ಸಂಜೆ ಕೂರುವ ಮರದ ಕುರ್ಚಿಯನ್ನು ತೀರದಿಂದ ತರಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಅದು ನೂರು ಮಾರು ದೂರದಲ್ಲಿ, ಮೂರು ಕಾಲು ಹೂತುಕೊಂಡು, ಕಡಲಿಗೆ ಬೆನ್ನು ಮಾಡಿ ಬಿದ್ದಿತ್ತು. ಅಜ್ಜ ಅದರ ಬಳಿ ಸ್ವಲ್ಪ ಹೊತ್ತು ನಿಂತರು. ಎರಡು ದಿನಗಳ ತರುವಾಯ, ಮೇ 6ರಂದು, ಕನ್ಯಾಕುಮಾರಿ ಜಿಲ್ಲೆಯ ತೀರದಲ್ಲಿ ಐವರು ವೈದ್ಯವಿದ್ಯಾರ್ಥಿಗಳು ಅಲೆಗಳ ಪಾಲಾದ ಸುದ್ದಿ ಬಂದಾಗ ಅವರು ಪತ್ರಿಕೆಯನ್ನು ಪೂರ್ತಿ ಓದಲಿಲ್ಲ. ಮಡಿಸಿ ಕೆಳಗಿಟ್ಟು, ಮೊಮ್ಮಗಳನ್ನು ಕರೆದು ಹತ್ತಿರ ಕೂರಿಸಿಕೊಂಡರು.

ಅಲ್ಲಿಂದ ಮುಂದೆ ಬೆಳಗಿನ ತೀರ್ಪಿನಲ್ಲಿ ಸಣ್ಣದೊಂದು ಮಾರ್ಪಾಟಾಯಿತು. ಅಜ್ಜ ಮೊದಲಿನಂತೆ ಪಡುವಣ ದಿಕ್ಕನ್ನು ನೋಡುತ್ತಾರೆ, ತೆಂಗಿನ ಗರಿಯನ್ನು ನೋಡುತ್ತಾರೆ, ಆಮೇಲೆ ಒಳಗೆ ತಿರುಗಿ, "ಹೈದರಾಬಾದು ಎಂತ ಹೇಳುತ್ತದೆ?" ಎಂದು ಕೂಗುತ್ತಾರೆ.

ಹೊಸ ಮತಕ್ಕೆ ಸೇರಿದವರ ಉತ್ಸಾಹ ಹೆಚ್ಚು. 2025ರಲ್ಲಿ ಮುಂಗಾರು ಮೇ 27ರ ಸುಮಾರಿಗೆ, ನಾಲ್ಕು ದಿನ ಹಿಂದೆ ಮುಂದೆ, ಕೇರಳ ಮುಟ್ಟುವುದೆಂದು ಹವಾಮಾನ ಇಲಾಖೆ ಮೊದಲೇ ತಿಳಿಸಿದಾಗ, ಹಲಸಿನ ಹಪ್ಪಳವನ್ನು ಬೇಗ ಒಣಗಿಸಿ ಮುಗಿಸಬೇಕೆಂದು ಅಜ್ಜ ಅಡುಗೆಮನೆಗೆ ಹೋಗಿ ಉಪನ್ಯಾಸ ಮಾಡಿದರು. ಕೇರಳಕ್ಕೆ ಮುಂಗಾರು ಬಂದಿತೆಂದು ಸಾರಲು 14 ಕೇಂದ್ರಗಳ ಮಳೆಯನ್ನು ಅಳೆಯುತ್ತಾರೆ, ಅವುಗಳಲ್ಲಿ ನಮ್ಮ ಮಂಗಳೂರೂ ಒಂದು ಎಂಬುದನ್ನು ಹೆಮ್ಮೆಯಿಂದ ವಿವರಿಸಿದರು. ಅಜ್ಜಿ ಕೇಳಿಸಿಕೊಳ್ಳಲಿಲ್ಲ. ಆಟ, ಕೋಲಗಳೆಲ್ಲ ಮುಗಿದು ಗೆಜ್ಜೆ ಬಿಚ್ಚುವ ಪತ್ತನಾಜೆ ಇನ್ನೂ ಬಂದಿಲ್ಲ. ಅದು ಬರುವುದು ಮೇ 24ರ ಸುಮಾರಿಗೆ. ಆ ದಿನಕ್ಕೆ ಬೀಳುವುದಾದರೂ ಹತ್ತೇ ಹನಿ ಎಂದು ತುಳುನಾಡಿನ ಹಿರಿಯರೆಲ್ಲ ಹೇಳಿದ್ದಾರೆ. ಅವರಿಗಿಂತ ಇಲಾಖೆ ದೊಡ್ಡದೇ?

ಪತ್ತನಾಜೆಗೆ ನಾಲ್ಕು ದಿನ ಮೊದಲೇ ಮಳೆ ಹಿಡಿಯಿತು. ಮೇ 24ರಂದು ಮುಂಗಾರು ಕೇರಳಕ್ಕೆ ಬಂದಿತೆಂದು ಇಲಾಖೆ ಸಾರಿತು. ಅಷ್ಟು ಬೇಗ ಬಂದುದು 2009ರ ಈಚೆಗೆ ಅದೇ ಮೊದಲು. ಎರಡು ದಿನಗಳಲ್ಲಿ ಅದು ಮುಂಬಯಿಯನ್ನೂ ಮುಟ್ಟಿತು. ಕೊನೆಯ ಹಲಸಿನಕಾಯಿಯ ಹಪ್ಪಳಗಳು ನಡುಮನೆಯಲ್ಲಿ ಚಾಪೆಯ ಮೇಲೆ, ಫ್ಯಾನಿನ ಕೆಳಗೆ, ಅರೆಹಸಿಯಾಗಿ ಮಲಗಿದ್ದವು. ಅವುಗಳನ್ನು ತುಳಿಯದಂತೆ ಗೋಡೆಗೆ ಒತ್ತಿಕೊಂಡು ನಡೆದ ಅಜ್ಜ, "ಪತ್ತನಾಜೆಗೆ ಹತ್ತೇ ಹನಿ ಅಲ್ಲವೋ?" ಎಂದು ಕೇಳದೆ ಇರಲಾರದೆ ಹೋದರು.

"ಹತ್ತು ಬಿದ್ದದ್ದು ನಿಜವೇ ಅಲ್ಲವಾ?" ಎಂದರು ಅಜ್ಜಿ, ಹಪ್ಪಳವೊಂದನ್ನು ಮಗುಚಿಹಾಕುತ್ತ. "ಆಮೇಲೆ ಬಿದ್ದದ್ದಕ್ಕೆ ನಾನೆಂತ ಮಾಡುವುದು?"