ನೋವಿನ ಹಾಡಷ್ಟೇ ನಮ್ಮದಾ?

ಕಳೆದ ವಾರ ಆಫೀಸಿಂದ ಬರುವಾಗ ಬಸ್ಸಲ್ಲಿ ಕಸಾಂಡ್ರಾ ವಿಲ್ಸನ್ ಅವರ 'ಕಮಿಂಗ್ ಫೋರ್ತ್ ಬೈ ಡೇ' ಆಲ್ಬಂ ಪೂರ್ತಿ ಕೇಳಿದೆ. ಬಿಲ್ಲಿ ಹಾಲಿಡೇ ಹುಟ್ಟಿ ನೂರು ವರ್ಷ ತುಂಬಿದ ದಿನ, 2015ರ ಏಪ್ರಿಲ್ 7ಕ್ಕೆ ಬಂದ ಆಲ್ಬಂ ಇದು. ಬಿಲ್ಲಿ ಹಾಡಿದ್ದ 11 ಹಾಡುಗಳನ್ನು ಈ ಹಿರಿಯ ಜಾಝ್ ಗಾಯಕಿ ಹೊಸದಾಗಿ ಕಟ್ಟಿದ್ದಾರೆ. ಬಿಲ್ಲಿಯ ದನಿಯ ನಕಲು ಎಲ್ಲೂ ಇಲ್ಲ. ರಾಕ್ ಬ್ಯಾಂಡಿನವರ ಡ್ರಮ್ಸು, ಗಿಟಾರು ಸೇರಿಸಿ ತಮ್ಮ ದಪ್ಪ ದನಿಯಲ್ಲಿ ನಿಧಾನಕ್ಕೆ ಹಾಡ್ತಾರೆ.

ನಾನು ಹುಡುಕಿಕೊಂಡು ಹೋಗಿದ್ದು 'ಸ್ಟ್ರೇಂಜ್ ಫ್ರೂಟ್'ಗೆ. ಮರಕ್ಕೆ ನೇತುಹಾಕಿ ಕೊಂದ ಕಪ್ಪು ಜನರ ಬಗ್ಗೆ ಬಿಲ್ಲಿ 1939ರಲ್ಲೇ ಹಾಡಿದ್ದು. ಅವರ ಕಂಪನಿ ಕೊಲಂಬಿಯಾ ರೆಕಾರ್ಡ್ ಮಾಡಲು ಒಪ್ಪಲಿಲ್ಲ, ಕಮೊಡೋರ್ ಅನ್ನೋ ಸಣ್ಣ ಕಂಪನಿ ಮಾಡಿತು. ಕಸಾಂಡ್ರಾ ಹುಟ್ಟಿದ್ದು 1955ರಲ್ಲಿ, ಮಿಸಿಸಿಪ್ಪಿಯಲ್ಲಿ. ಅದೇ ವರ್ಷ, ಅದೇ ರಾಜ್ಯದಲ್ಲಿ 14 ವರ್ಷದ ಎಮೆಟ್ ಟಿಲ್‌ನನ್ನು ಕೊಂದರು. ಆರೋಪಿಗಳನ್ನು ಬರೀ ಬಿಳಿಯರಿದ್ದ ಜ್ಯೂರಿ ಬಿಟ್ಟು ಕಳಿಸಿತು. ಕಂಬಾಲಪಲ್ಲಿಯಲ್ಲಿ 2000ದಲ್ಲಿ ಏಳು ಜನರನ್ನು ಸುಟ್ಟಾಗಿನಿಂದ 2006ರ ತೀರ್ಪಿನವರೆಗೆ ನೋಡಿದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಗೆಳೆಯರೇ, ಆ ಆಲ್ಬಮ್ಮಲ್ಲಿ ಅಂಥ ಹಾಡು ಅದೊಂದೇ. ಉಳಿದವೆಲ್ಲ ಹೆಚ್ಚುಕಮ್ಮಿ ಪ್ರೀತಿ, ವಿರಹ, ಬೆಳದಿಂಗಳು. ಮೊದಲು ನನಗೆ ಸ್ವಲ್ಪ ನಿರಾಸೆಯೇ ಆಯ್ತು. ಆಮೇಲೆ ನಾಚಿಕೆ ಆಯ್ತು. ಯಾಕಂದ್ರೆ ಹೋದ ವರ್ಷ ನಮ್ಮೂರ ಅಂಬೇಡ್ಕರ್ ಜಯಂತಿಯಲ್ಲಿ ನಮ್ಮದೇ ಕೇರಿಯ ಹುಡುಗಿಯೊಬ್ಬಳು ಹಳೇ ಸಿನಿಮಾದ ಪ್ರೇಮಗೀತೆ ಹಾಡೋಕೆ ಶುರು ಮಾಡಿದಳು. 'ಇದು ಹೋರಾಟದ ವೇದಿಕೆ ಕಣಮ್ಮ' ಅಂತ ಮಧ್ಯದಲ್ಲೇ ಮೈಕ್ ತಗೊಂಡ್ವಿ. ತಗೊಂಡವನು ನಾನೇ.

ಬಿಲ್ಲಿಗೂ ಹೀಗೇ ಆಗಿತ್ತು. 1947ರಲ್ಲಿ ಡ್ರಗ್ಸ್ ಕೇಸಲ್ಲಿ ಶಿಕ್ಷೆ ಆದ ಮೇಲೆ ಅವರ ಕ್ಯಾಬರೆ ಕಾರ್ಡ್ ಕಿತ್ತುಕೊಂಡರು. ನ್ಯೂಯಾರ್ಕಿನಲ್ಲಿ ಮದ್ಯ ಮಾರುವ ಕ್ಲಬ್ಬುಗಳಲ್ಲಿ ಹಾಡೋ ಹಕ್ಕೇ ಹೋಯ್ತು. 1959ರಲ್ಲಿ ಆಪ್ತಮಿತ್ರ ಲೆಸ್ಟರ್ ಯಂಗ್ ತೀರಿಕೊಂಡಾಗ ಅಂತ್ಯಕ್ರಿಯೆಯಲ್ಲಿ ಹಾಡ್ತೀನಿ ಅಂದರು. ಮನೆಯವರು ಬಿಡಲಿಲ್ಲ. ಕೆಲವೇ ತಿಂಗಳಲ್ಲಿ ಬಿಲ್ಲಿಯೂ ಹೋದರು. ಅವತ್ತು ಅವರು ಏನು ಹೇಳುತ್ತಿದ್ದರೋ ಅಂತ ಊಹಿಸಿ ಕಟ್ಟಿದ ಹಾಡೇ ಈ ಆಲ್ಬಮ್ಮಿನ ಕೊನೆಯದು.

ಬಿಲ್ಲಿ ಕಾರ್ಡ್ ಕಿತ್ತಿದ್ದು ಪೊಲೀಸರು. ನಮ್ಮ ಹುಡುಗಿ ಮೈಕ್ ಕಿತ್ತಿದ್ದು ಸ್ವಂತ ಜನ ನಾವು. ದಲಿತ ಅಂದ್ರೆ ಬರೀ ಗೋಳು, ಬರೀ ಸಿಟ್ಟು ಅಂತ ಮೇಲ್ಜಾತಿಯವರು ಅಂದುಕೊಂಡಿದ್ದಾರೆ ಅಂತ ಬಯ್ತೀವಿ. ನಾವೂ ಅದನ್ನೇ ನಂಬಿದ್ದೀವಲ್ಲ? ಹೋರಾಟದ ಹಾಡು ಬೇಡ ಅಂತಲ್ಲ. ಅವೇ ನನ್ನನ್ನು ಮನುಷ್ಯನನ್ನಾಗಿ ಮಾಡಿದ್ದು. ಆದರೆ ಜಾತಿ ಮೀರಿ ಪ್ರೀತಿಸಿದ್ದಕ್ಕೆ ನಮ್ಮ ಹುಡುಗರನ್ನು ಕೊಲ್ಲೋ ನಾಡಲ್ಲಿ ಪ್ರೇಮಗೀತೆ ಹಾಡೋದೂ ಸಣ್ಣ ವಿಷಯ ಅಲ್ಲ.

ಆ ಹುಡುಗಿಯ ಮನೆಗೆ ಭಾನುವಾರ ಹೋಗಿ ಕ್ಷಮೆ ಕೇಳಿ ಬಂದೆ. ಬರೋ ಏಪ್ರಿಲ್ 14ಕ್ಕೆ ಮೊದಲ ಹಾಡು ಅವಳದೇ. ಯಾವ ಹಾಡು ಅಂತ ನಾನು ಕೇಳಿಲ್ಲ. ಕಮಿಟಿಯವರೂ ಕೇಳಬಾರದು ಅಂತ ವಿನಂತಿ.

ಜೈ ಭೀಮ್.